ಪಾಠ ಮುಗಿದ ಮೇಲೆ ಮಕ್ಕಳಲ್ಲಿ ಉಳಿಯುವುದೆಷ್ಟು? ಕಲಿಸುವ ರೀತಿಯನ್ನು ಹಂತಹಂತವಾಗಿ ತಿದ್ದಿಕೊಳ್ಳುವ ಬಗೆ

ಪಾಠ ಚೆನ್ನಾಗಿ ಆಯ್ತು ಅಂತ ನಮಗೆ ಅನಿಸುವುದು ಯಾವಾಗ? ಮಕ್ಕಳು ಗಲಾಟೆ ಮಾಡದೆ ಕೇಳಿದಾಗ, ನಡುನಡುವೆ ತಲೆಯಾಡಿಸಿದಾಗ, "ಅರ್ಥ ಆಯ್ತಾ?" ಅಂದರೆ ಇಡೀ ಕ್ಲಾಸು ಒಟ್ಟಿಗೆ "ಆಯ್ತು ಮಿಸ್" ಅಂದಾಗ, ಜೊತೆಗೆ ಪೋರ್ಷನ್ನೂ ಅಂದುಕೊಂಡ ದಿನಕ್ಕೆ ಮುಗಿದಾಗ. ಖುಷಿಪಡುವ ವಿಷಯವೇ. ಆದರೆ ಮಕ್ಕಳು ಕಲಿತಿದ್ದಾರೆ ಅನ್ನುವುದಕ್ಕೆ ಇವು ಯಾವುವೂ ಸಾಕ್ಷಿ ಆಗುವುದಿಲ್ಲ.

2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಕ್ಲಾಸುಗಳಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪು ಪಳಗಿದ ಮೇಷ್ಟ್ರ ಸೊಗಸಾದ ಉಪನ್ಯಾಸ ಕೇಳಿತು. ಇನ್ನೊಂದು ಗುಂಪು ಅದೇ ವಿಷಯವನ್ನು ತಾವೇ ಲೆಕ್ಕ ಬಿಡಿಸುತ್ತಾ, ಪಕ್ಕದವರ ಜೊತೆ ಚರ್ಚೆ ಮಾಡುತ್ತಾ ಕಲಿಯಿತು. ಟೆಸ್ಟಿನಲ್ಲಿ ಎರಡನೇ ಗುಂಪೇ ಮುಂದಿತ್ತು. ಆದರೆ "ನಿಮಗೆ ಎಷ್ಟು ಕಲಿತ ಹಾಗೆ ಅನಿಸಿತು?" ಅಂತ ಕೇಳಿದರೆ, ಜಾಸ್ತಿ ಕಲಿತೆವು ಅಂದದ್ದು ಉಪನ್ಯಾಸ ಕೇಳಿದವರು! ಕೇಳುವುದಕ್ಕೆ ಸಲೀಸಾಗಿದ್ದರೆ ಕಲಿತ ಹಾಗೆ ಅನಿಸಿಬಿಡುತ್ತದೆ. ಈ ಭ್ರಮೆ ಮಕ್ಕಳಿಗೆ ಇರುವಷ್ಟೇ ನಮಗೂ ಇರುತ್ತದೆ.

ಹಾಗಾಗಿ ಈ ಲೇಖನದ ಉದ್ದಕ್ಕೂ ನಾನು ಒಂದೇ ಅಳತೆ ಹಿಡಿದುಕೊಳ್ಳುತ್ತೇನೆ. ಪಾಠ ಆಗಿ ಒಂದೆರಡು ವಾರ ಕಳೆದ ಮೇಲೆ, ಪುಸ್ತಕ ಮುಚ್ಚಿಟ್ಟು, ಯಾರೂ ಸುಳಿವು ಕೊಡದಿದ್ದಾಗ ಮಗು ಏನು ಮಾಡಬಲ್ಲದು? ಮುಂದೆ ಹೇಳುವುದೆಲ್ಲ ಅದನ್ನು ಹೆಚ್ಚಿಸುವ ದಾರಿಗಳು. ದುಡ್ಡು ಬೇಕಿಲ್ಲ, ಹೊಸ ಸಾಮಾನು ಬೇಕಿಲ್ಲ. ಅಭ್ಯಾಸ ಬದಲಾಯಿಸಿಕೊಳ್ಳುವ ಹಟ ಬೇಕು, ಅದು ಸಣ್ಣದೇನಲ್ಲ.

ಮೊದಲು ನಿಮ್ಮ ಪಾಠವನ್ನು ನೀವೇ ಕೇಳಿ

ಒಂದು ಪೀರಿಯಡ್ಡಿನ ಧ್ವನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಿಡಿಯೋ ಬೇಡ, ಧ್ವನಿ ಸಾಕು. ಶಾಲೆಯ ಅನುಮತಿ ಕೇಳಿಯೇ ಮಾಡಿ, ಮಕ್ಕಳಿಗೂ ಹೇಳಿ, ಕೇಳಿಸಿಕೊಂಡ ಮೇಲೆ ಅಳಿಸಿಬಿಡಿ. ಸಂಜೆ ಒಬ್ಬರೇ ಕೂತು ಕೇಳುವಾಗ ಒಂದು ಹಾಳೆಯಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ: ನೀವು ಎಷ್ಟು ಪ್ರಶ್ನೆ ಕೇಳಿದಿರಿ, ಪ್ರತಿ ಪ್ರಶ್ನೆ ಆದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದಿರಿ, ಉತ್ತರ ಕೊಟ್ಟವರು ಯಾರು ಯಾರು.

ತುಂಬಾ ಕ್ಲಾಸುಗಳಲ್ಲಿ ಕಾಣುವುದು ಇದು: ಉತ್ತರ ಕೊಟ್ಟವರ ಪಟ್ಟಿಯಲ್ಲಿ ಅದೇ ನಾಲ್ಕೈದು ಹೆಸರು ಸುತ್ತುತ್ತಿರುತ್ತವೆ, ಪ್ರಶ್ನೆ ಮತ್ತು ಉತ್ತರದ ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಬಿಡುವು ಇರುವುದಿಲ್ಲ. ಇದನ್ನು ಓದಿ ತಿಳಿಯುವುದೇ ಬೇರೆ, ನಿಮ್ಮದೇ ದನಿಯಲ್ಲಿ ಕೇಳುವುದೇ ಬೇರೆ. ಅದಕ್ಕೇ ಈ ಹಂತ ಬಿಡಬೇಡಿ.

ಕೇಳಿದ ಮೇಲೆ ತಿದ್ದಿಕೊಳ್ಳಬೇಕಾದ್ದು ಹತ್ತು ಕಾಣಬಹುದು. ಒಂದನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೊರಟರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಕೆಲಸದ ಒತ್ತಡ ಬಂದ ಕೂಡಲೇ ಹಳೇ ಅಭ್ಯಾಸಕ್ಕೆ ಜಾರಿಬಿಡುತ್ತೇವೆ. ಒಂದು ಅಭ್ಯಾಸಕ್ಕೆ ಕನಿಷ್ಠ ಒಂದು ತಿಂಗಳು ಕೊಡಿ. ಎಲ್ಲಿಂದ ಶುರು ಮಾಡಲಿ ಅಂತ ಗೊಂದಲ ಇದ್ದರೆ ಕೆಳಗಿನದ್ದರಿಂದಲೇ ಮಾಡಿ.

ಪೀರಿಯಡ್ಡಿನ ಮೊದಲ ಐದು ನಿಮಿಷ

ಸಾಮಾನ್ಯವಾಗಿ ನಾವು "ನಿನ್ನೆ ಏನು ನೋಡಿದೆವು ಅಂದರೆ…" ಅಂತ ಶುರು ಮಾಡಿ ನಿನ್ನೆಯದನ್ನು ನಾವೇ ಹೇಳಿಬಿಡುತ್ತೇವೆ. ನೆನಪು ಮಾಡಿಕೊಳ್ಳುವ ಕೆಲಸ ನಾವು ಮಾಡಿದರೆ ಗಟ್ಟಿಯಾಗುವುದು ನಮ್ಮ ನೆನಪು. ಆ ಕೆಲಸ ಮಕ್ಕಳಿಗೆ ಬಿಡಿ.

ಇದರ ಹಿಂದಿರುವ ಪ್ರಯೋಗ ತುಂಬಾ ಸರಳ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಆಮೇಲೆ ಮೂರು ಸಲ ಹಾಳೆ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು: ಅವರಿಗೆ ನೆನಪಿದ್ದದ್ದು ಶೇ. 83, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಕೇಳಿದಾಗ ಎಲ್ಲ ತಲೆಕೆಳಗು. ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿ ಪಾಸಾದ ಮಕ್ಕಳು ಮುಂದಿನ ತಿಂಗಳು ಅದೇ ವಿಷಯ ಕೇಳಿದರೆ ಕಣ್ಣು ಕಣ್ಣು ಬಿಡುವುದು ಯಾಕೆ ಅಂತ ಇಲ್ಲಿ ಗೊತ್ತಾಗುತ್ತದೆ.

ಹೀಗೆ ಮಾಡಿ. ನೀವು ಕ್ಲಾಸಿಗೆ ಬರುವ ಹೊತ್ತಿಗೆ, ಅಥವಾ ಬಂದ ತಕ್ಷಣ, ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಇರಲಿ. ಒಂದು ನಿನ್ನೆಯ ಪಾಠದ್ದು, ಎರಡು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಹಾಳೆ ತೆರೆಯದೆ, ಪಕ್ಕದವರನ್ನು ನೋಡದೆ, ಮೂರು ನಿಮಿಷದಲ್ಲಿ ಉತ್ತರ ಬರೆಯಬೇಕು. ಆಮೇಲೆ ಸರಿ ಉತ್ತರ ಹೇಳಿ, ಅವರವರೇ ತಿದ್ದಿಕೊಳ್ಳಲಿ. ತಪ್ಪಾದದ್ದನ್ನು ಆಗಲೇ ತಿದ್ದುವುದು ಮುಖ್ಯ, ಇಲ್ಲದಿದ್ದರೆ ತಪ್ಪೇ ಕೂತುಬಿಡುತ್ತದೆ.

ಮಾರ್ಕ್ಸ್ ಹಾಕಬೇಡಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಡಿ, "ಯಾರಿಗೆ ನಾಲ್ಕಕ್ಕೆ ನಾಲ್ಕು ಬಂತು, ಕೈ ಎತ್ತಿ" ಅನ್ನಬೇಡಿ. ಟೆಸ್ಟು ಅನ್ನುವ ಭಯ ಬಂದರೆ ಮಕ್ಕಳು ಕಾಪಿ ಮಾಡಲು ಶುರು ಮಾಡುತ್ತಾರೆ, ಆಗ ನೆನಪು ಮಾಡಿಕೊಳ್ಳುವ ಕೆಲಸವೇ ನಡೆಯುವುದಿಲ್ಲ. ಇನ್ನೊಂದು ಮಾತು: ಇದನ್ನು ಬಾಯಲ್ಲಿ ಕೇಳಿ ಮುಗಿಸಬೇಡಿ. ಬಾಯಲ್ಲಿ ಕೇಳಿದರೆ ಒಬ್ಬ ಉತ್ತರ ಹೇಳುತ್ತಾನೆ, ಉಳಿದವರು ಕಾಯುತ್ತಾರೆ. ಬರೆಯುವಾಗ ಪ್ರತಿಯೊಂದು ತಲೆಯೂ ಕೆಲಸ ಮಾಡುತ್ತದೆ.

ಮೊದಲ ಒಂದೆರಡು ವಾರ ಫಲಿತಾಂಶ ನೋಡಿ ಬೇಜಾರಾಗುತ್ತದೆ, ಖಂಡಿತ. ಕಳೆದ ತಿಂಗಳ ಪ್ರಶ್ನೆಗೆ ಅರ್ಧ ಕ್ಲಾಸು ಖಾಲಿ ಬಿಡುತ್ತದೆ. ಮರೆವು ಹಾಗೇ ಇರುತ್ತದೆ. 1885ರಷ್ಟು ಹಿಂದೆಯೇ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಮೊದಲು ಎಷ್ಟು ಬೇಗ ಸೋರಿ ಹೋಗುತ್ತದೆ ಅಂತ ತೋರಿಸಿದ್ದ. ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಮತ್ತೆ ನೆನಪು ಮಾಡಿಕೊಂಡಷ್ಟೂ ಸೋರುವುದು ಕಡಿಮೆಯಾಗುತ್ತದೆ. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಜೊತೆಗಾರರು ಹತ್ತು ಕಲಿಕಾ ವಿಧಾನಗಳನ್ನು ಪರಿಶೀಲಿಸಿದಾಗ ಹೆಚ್ಚು ಉಪಯುಕ್ತ ಅಂತ ಮೇಲೆ ಬಂದದ್ದು ಎರಡೇ: ತನಗೆ ತಾನೇ ಟೆಸ್ಟ್ ಕೊಟ್ಟುಕೊಳ್ಳುವುದು, ಬಿಡುವು ಕೊಟ್ಟು ಕೊಟ್ಟು ಅಭ್ಯಾಸ ಮಾಡುವುದು. ಮಕ್ಕಳಿಗೆ ತುಂಬಾ ಇಷ್ಟವಾದ ಎರಡು ದಾರಿಗಳು, ಮತ್ತೆ ಮತ್ತೆ ಓದುವುದು ಮತ್ತು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು, ಕೆಳಗಿದ್ದವು.

ಪ್ರಶ್ನೆ ಕೇಳಿ, ಸುಮ್ಮನಿರಿ

ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ಪಾಠಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದರು. ಟೀಚರ್‌ಗಳು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಸ್ವಲ್ಪ ಜಾಸ್ತಿಗೋ ಏರಿಸಿದಾಗ ಮಕ್ಕಳ ಉತ್ತರ ಉದ್ದವಾದವು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು, ಸಾಮಾನ್ಯವಾಗಿ ಬಾಯಿ ಬಿಡದವರೂ ಮಾತಾಡಲು ಶುರು ಮಾಡಿದರು. ಮಗು ಉತ್ತರ ಹೇಳಿದ ಮೇಲೂ ಹೀಗೇ ಕಾಯಬೇಕು ಅಂತ ಅವರು ತೋರಿಸಿದರು. ನಾವು "ಸರಿ" ಅಥವಾ "ತಪ್ಪು" ಅನ್ನುವ ಮೊದಲು ಸ್ವಲ್ಪ ತಡೆದರೆ ಮಗು ತಾನೇ ಮಾತು ಮುಂದುವರಿಸುತ್ತದೆ, ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ.

ಮೂರು ಸೆಕೆಂಡು ಏನು ಮಹಾ ಅಂತ ಅನಿಸಬಹುದು. ಮೂವತ್ತು ನಲವತ್ತು ಮಕ್ಕಳ ಮುಂದೆ ನಿಂತು ಬಾಯಿ ಮುಚ್ಚಿಕೊಂಡಿದ್ದು ನೋಡಿ, ಅದು ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ಮನಸ್ಸಿನಲ್ಲೇ ನಿಧಾನವಾಗಿ ಎಣಿಸಿ. ಹೆಸರನ್ನು ಪ್ರಶ್ನೆಯ ಕೊನೆಗೆ ಇಟ್ಟುಕೊಳ್ಳಿ. "ರಮ್ಯಾ, ನೀರು ಕುದಿಯುವಾಗ ಬರುವ ಗುಳ್ಳೆಯಲ್ಲಿ ಏನಿರುತ್ತೆ?" ಅಂದರೆ ಮೊದಲ ಪದಕ್ಕೇ ಉಳಿದವರೆಲ್ಲ ನಿರಾಳ. ಪ್ರಶ್ನೆ ಕೇಳಿ, ಕಾದು, ಆಮೇಲೆ "ರಮ್ಯಾ?" ಅಂದರೆ ಅಷ್ಟರಲ್ಲಿ ಎಲ್ಲರೂ ಯೋಚಿಸಿರುತ್ತಾರೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ, ಎಲ್ಲರಿಂದಲೂ ಒಂದೇ ಸಲ ಉತ್ತರ ತೆಗೆಸಿ. ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯಲಿ, ಇಲ್ಲವೇ ಒಂದು, ಎರಡು, ಮೂರು ಅಂತ ಬೆರಳು ತೋರಿಸಲಿ. ಆದರೆ ಪ್ರಶ್ನೆ ಚೆನ್ನಾಗಿರಬೇಕು. ಹೇಗೆ ಅಂತ ಒಂದು ಉದಾಹರಣೆಯಲ್ಲೇ ನೋಡೋಣ.

0.4, 0.65, 0.512. ಇವುಗಳಲ್ಲಿ ದೊಡ್ಡದು ಯಾವುದು?

0.512 ಅನ್ನುವ ಮಗು ಬಿಂದುವಿನ ಬಲಗಡೆ ಇರುವುದನ್ನು ಐನೂರ ಹನ್ನೆರಡು ಅಂತ ಓದುತ್ತಿದೆ, ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅಂದುಕೊಂಡಿದೆ. 0.4 ಅನ್ನುವ ಮಗುವಿನ ಲೆಕ್ಕ ಬೇರೆ: ಹತ್ತನೇ ಒಂದು ಭಾಗಕ್ಕಿಂತ ಸಾವಿರದ ಒಂದು ಭಾಗ ಚಿಕ್ಕದು ಅಂತ ಅದಕ್ಕೆ ಗೊತ್ತು, ಆದ್ದರಿಂದ ಬಿಂದುವಿನ ನಂತರ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಅಂತ ತಾನೇ ನಿಯಮ ಮಾಡಿಕೊಂಡಿದೆ. ಇಬ್ಬರದೂ ತಪ್ಪು, ಆದರೆ ಇಬ್ಬರಿಗೂ ಬೇಕಾದ ಮಾತು ಬೇರೆ ಬೇರೆ. ಈಗ ಸಂಖ್ಯೆಗಳನ್ನು ಸ್ವಲ್ಪ ಬದಲಾಯಿಸಿ 0.8, 0.35, 0.127 ಅಂತ ಕೇಳಿದ್ದರೆ ಏನಾಗುತ್ತಿತ್ತು? ಎರಡನೇ ಮಗು 0.8 ಅಂತ ಸರಿ ಉತ್ತರವನ್ನೇ ಕೊಡುತ್ತಿತ್ತು. ಅದರ ತಪ್ಪು ನಿಯಮ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು, ನಾವು "ವೆರಿ ಗುಡ್" ಅಂತ ಮುಂದೆ ಹೋಗುತ್ತಿದ್ದೆವು. ಯೋಚನೆ ಮಾಡಿ ಕಟ್ಟಿದ ಇಂಥ ಒಂದು ಪ್ರಶ್ನೆ, ಸುಮ್ನೆ ಕೇಳುವ ಹತ್ತು ಪ್ರಶ್ನೆಗಿಂತ ಬೆಲೆಬಾಳುತ್ತದೆ. ಪಾಠಕ್ಕೊಂದು ಸಾಕು, ಅದನ್ನು ಪಾಠ ಟಿಪ್ಪಣಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಸಹೋದ್ಯೋಗಿಗಳ ಜೊತೆ ಕೂತು ಕಟ್ಟಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಮಕ್ಕಳ ತಪ್ಪುಗಳ ದೊಡ್ಡ ಭಂಡಾರ ಇರುವುದು ಟೀಚರ್‌ಗಳ ನೆನಪಿನಲ್ಲೇ.

ಉತ್ತರಗಳು ಹೆಚ್ಚುಕಡಿಮೆ ಎರಡು ಪಾಲಾದರೆ ತಕ್ಷಣ ವಿವರಿಸಲು ಹೋಗಬೇಡಿ. ಬೇರೆ ಉತ್ತರ ಬರೆದವರ ಜೊತೆ ಎರಡು ನಿಮಿಷ ವಾದ ಮಾಡಲಿ, ಆಮೇಲೆ ಮತ್ತೆ ಉತ್ತರ ಎತ್ತಲಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ಭೌತಶಾಸ್ತ್ರದ ಕ್ಲಾಸಿನಲ್ಲಿ ರೂಢಿಗೆ ತಂದ ವಿಧಾನ ಇದು.

ಹೊಸದನ್ನು ಹೇಳಿಕೊಡುವಾಗ

ಒಂದು ಹೊತ್ತಿಗೆ ನಮ್ಮ ತಲೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ತೀರಾ ಕಡಿಮೆ. ಸುಮಾರು ನಾಲ್ಕು ಅಂತ ನೆಲ್ಸನ್ ಕೋವನ್ 2001ರಲ್ಲಿ ಅಂದಾಜು ಕೊಟ್ಟರು. ಬೋರ್ಡಿನಲ್ಲಿ ಹೊಸ ಸೂತ್ರ, ಅದರಲ್ಲಿ ಮೂರು ಹೊಸ ಪದ, ಪಕ್ಕದಲ್ಲಿ ಒಂದು ಚಿತ್ರ, ಇದರ ಮಧ್ಯೆ "ನೋಟ್ಸ್ ಬರ್ಕೊಳ್ಳಿ" ಅಂದರೆ ಮಗು ಬರೆಯುವುದೊಂದನ್ನೇ ಮಾಡುತ್ತದೆ, ಯೋಚನೆ ನಿಂತುಹೋಗುತ್ತದೆ.

ದಾರಿ ಇದೆ. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಪ್ರಯೋಗಗಳಲ್ಲಿ ತೋರಿಸಿದ್ದು: ಹೊಸಬರಿಗೆ ಆರಂಭದಲ್ಲೇ ಲೆಕ್ಕ ಕೊಟ್ಟು ಒದ್ದಾಡಿಸುವುದಕ್ಕಿಂತ, ಪೂರ್ತಿ ಬಿಡಿಸಿದ ಲೆಕ್ಕವನ್ನು ಕೊಟ್ಟು ಓದಿಸುವುದು ಹೆಚ್ಚು ಫಲ ಕೊಡುತ್ತದೆ. ಅದನ್ನು ಕ್ಲಾಸಿಗೆ ಹೀಗೆ ತನ್ನಿ. ಮೊದಲ ಲೆಕ್ಕ ಎಲ್ಲ ಸಾಲುಗಳೊಂದಿಗೆ ಬಿಡಿಸಿ ತೋರಿಸಿ, ಪ್ರತಿ ಸಾಲಿಗೂ "ಇಲ್ಲಿ ಹೀಗೆ ಯಾಕೆ ಮಾಡಿದೆ?" ಅಂತ ಮಕ್ಕಳಿಂದಲೇ ಹೇಳಿಸಿ. ಎರಡನೇ ಲೆಕ್ಕದಲ್ಲಿ ಕೊನೆಯ ಸಾಲು ಖಾಲಿ ಬಿಡಿ. ಮೂರನೆಯದರಲ್ಲಿ ಕೊನೆಯ ಎರಡು. ಹೀಗೆ ಕೈ ಹಿಡಿದು ನಡೆಸುವುದನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬಂದು, ನಂತರ ಪೂರ್ತಿ ಲೆಕ್ಕ ಅವರಿಗೇ ಕೊಡಿ. ಪ್ರಬಂಧ ಬರವಣಿಗೆಗೂ ಇದು ನಡೆಯುತ್ತದೆ: ಒಂದು ಒಳ್ಳೆಯ ಪ್ಯಾರಾ ತೋರಿಸಿ, ಒಂದನ್ನು ಒಟ್ಟಿಗೆ ಕಟ್ಟಿ, ಒಂದನ್ನು ಅವರೇ ಬರೆಯಲಿ.

ಈಗಾಗಲೇ ಚೆನ್ನಾಗಿ ಬರುವ ಮಕ್ಕಳನ್ನು ಇದರಲ್ಲಿ ಕಟ್ಟಿಹಾಕಬೇಡಿ. ಬಿಡಿಸಿದ ಲೆಕ್ಕ ಅವರಿಗೆ ಅಡ್ಡಿಯಾಗುತ್ತದೆ ಅಂತಲೂ ಇದೇ ಸಂಶೋಧನೆಯ ಮುಂದಿನ ಭಾಗ ಹೇಳುತ್ತದೆ. ಅವರಿಗೆ ನೇರ ಲೆಕ್ಕವೇ ಕೊಡಿ.

ಅಭ್ಯಾಸದ ಲೆಕ್ಕಗಳನ್ನು ಕಲಸಿ ಕೊಡಿ

ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯ, ಅದರ ಕೊನೆಗೆ ಅದೇ ಬಗೆಯ ಇಪ್ಪತ್ತು ಲೆಕ್ಕ. ಎರಡನೇ ಲೆಕ್ಕದ ಹೊತ್ತಿಗೆ ಮಗುವಿಗೆ ಯಾವ ಸೂತ್ರ ಹಾಕಬೇಕು ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ತಲೆ ಕೆಡುವುದು ಅಲ್ಲೇ, ಅಲ್ವಾ? ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟರು. ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ. 60. ವಾರದ ನಂತರದ ಟೆಸ್ಟಿನಲ್ಲಿ ಮೊದಲನೆಯವರು ಶೇ. 20ಕ್ಕೆ ಇಳಿದರು, ಕಲಸಿ ಮಾಡಿದವರು ಶೇ. 63 ಪಡೆದರು.

ಇದಕ್ಕೆ ಹೊಸ ಪುಸ್ತಕ ಬೇಡ. ಹೋಂವರ್ಕಿಗೆ ಇವತ್ತಿನ ಅಧ್ಯಾಯದ ಹತ್ತು ಲೆಕ್ಕ ಕೊಡುವ ಬದಲು ಇವತ್ತಿನದು ನಾಲ್ಕು, ಹಿಂದಿನ ಮೂರು ಅಧ್ಯಾಯಗಳಿಂದ ಎರಡೆರಡು ಕೊಡಿ. ತೀರಾ ಮೊದಲ ದಿನವೇ ಬೇಡ, ಹೊಸದು ಸ್ವಲ್ಪ ಕೈಗೆ ಹತ್ತಿದ ಮೇಲೆ. ಮಕ್ಕಳು ಕಷ್ಟ ಅಂತ ಗೊಣಗುತ್ತಾರೆ, ಮನೆಯವರೂ ಕೇಳಬಹುದು. ಯಾಕೆ ಹೀಗೆ ಕೊಡುತ್ತಿದ್ದೀರಿ ಅಂತ ಮೊದಲೇ ಹೇಳಿಬಿಡಿ.

ನೋಟ್‌ಬುಕ್ ತಿದ್ದುವುದು

ಟೀಚರ್‌ಗಳ ಸಂಜೆಗಳನ್ನು ನುಂಗುವ ಕೆಲಸ ಇದು. ಅಷ್ಟು ದುಡಿದದ್ದಕ್ಕೆ ತಕ್ಕ ಫಲ ಸಿಗದಿದ್ದರೆ ನನಗಂತೂ ತುಂಬಾ ಸಂಕಟವಾಗುತ್ತದೆ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೋ ಡಿನಿಸಿ 1996ರಲ್ಲಿ ಪ್ರತಿಕ್ರಿಯೆ ಕೊಡುವ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಸರಾಸರಿಯಲ್ಲಿ ಲಾಭ ಇತ್ತು, ಆದರೆ ಮೂರನೇ ಒಂದಕ್ಕಿಂತ ಜಾಸ್ತಿ ಕಡೆ ಪ್ರತಿಕ್ರಿಯೆ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಮಾಡುವ ಕೆಲಸದಿಂದ ಜಾರಿ "ನಾನು ಜಾಣನೋ ದಡ್ಡನೋ" ಅನ್ನುವ ಕಡೆಗೆ ಹೋದಷ್ಟೂ ಪ್ರತಿಕ್ರಿಯೆಯ ಫಲ ಕುಗ್ಗುತ್ತದೆ ಅಂತ ಅವರು ವಿವರಿಸಿದರು. ಇಸ್ರೇಲಿನಲ್ಲಿ ರೂತ್ ಬಟ್ಲರ್ ಐದು ಮತ್ತು ಆರನೇ ತರಗತಿ ಮಕ್ಕಳ ಜೊತೆ ಮಾಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದುವರಿದರು. ಮಾರ್ಕ್ಸ್ ಜೊತೆಗೆ ಟಿಪ್ಪಣಿ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕಿ ಕಂಡ ಮೇಲೆ ಅಕ್ಷರ ಯಾರು ಓದುತ್ತಾರೆ?

ಮಗು 1/2 + 1/3 = 2/5 ಅಂತ ಬರೆದಿದೆ ಅಂದುಕೊಳ್ಳಿ. ಕೆಂಪು ಸೊನ್ನೆ ಸುತ್ತಿ ಪಕ್ಕದಲ್ಲಿ 5/6 ಅಂತ ನಾವೇ ಬರೆದರೆ ಮಗು ಅದನ್ನು ನೀಟಾಗಿ ನಕಲು ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಬರೆಯಿರಿ: "ಅರ್ಧಕ್ಕೆ ಇನ್ನಷ್ಟು ಸೇರಿಸಿದ್ದೀಯ. 2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ? ಚಿತ್ರ ಬರೆದು ನೋಡು." ಮುಂದಿನ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಈ ಟಿಪ್ಪಣಿಗೆ ಉತ್ತರ ಬರೆಯುವುದಕ್ಕೇ ಮೀಸಲಿಡಿ. ಆ ಹತ್ತು ನಿಮಿಷ ಕೊಡಲು ಆಗದಿದ್ದರೆ ಟಿಪ್ಪಣಿ ಬರೆದೂ ಉಪಯೋಗವಿಲ್ಲ. ಎಲ್ಲ ನೋಟ್‌ಬುಕ್ಕಿಗೂ ಬರೆಯಲು ಸಮಯ ಎಲ್ಲಿದೆ ಅಂತ ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಒಂದು ರಾಶಿ ನೋಟ್‌ಬುಕ್ಕಿನಲ್ಲಿ ತಪ್ಪುಗಳ ಬಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಇರುತ್ತವೆ. ಪ್ರತಿ ಬಗೆಗೂ ಒಂದು ಟಿಪ್ಪಣಿ ಬೋರ್ಡಿನ ಮೇಲೆ ಬರೆದು, ಪುಸ್ತಕಗಳಲ್ಲಿ ಅ, ಆ, ಇ ಅಂತ ಗುರುತು ಹಾಕಿದರೆ ಸಾಕು.

ಇಲ್ಲೇ ಹೇಳಿಬಿಡುತ್ತೇನೆ: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು ಅಂತ ಗುಂಪು ಮಾಡಿ ಗುಂಪಿಗೊಂದು ಪಾಠ ಮಾಡುವ ಶ್ರಮವನ್ನು ಬಿಟ್ಟುಬಿಡಿ. 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ಹುಡುಕಿದಾಗ ಅದಕ್ಕೆ ಸರಿಯಾದ ಆಧಾರ ಸಿಗಲಿಲ್ಲ. ಆ ಸಮಯವನ್ನು ಮೇಲಿನ ಯಾವುದಕ್ಕಾದರೂ ಹಾಕಿ.

ಇನ್ನೊಬ್ಬರನ್ನು ಕ್ಲಾಸಿಗೆ ಕರೆಯಿರಿ

ಒಂದು ದಿನದ ತರಬೇತಿಯಲ್ಲಿ ಕೂತು ಕೇಳಿ ಬಂದದ್ದು ಕ್ಲಾಸಿನೊಳಗೆ ಬರುವುದು ಅಪರೂಪ. ಯಾರಾದರೂ ನಿಮ್ಮ ಪಾಠ ನೋಡಿ, ಒಂದು ವಿಷಯದ ಬಗ್ಗೆ ಮಾತಾಡಿ, ಮತ್ತೆ ಬಂದು ನೋಡಿದರೆ ಅಭ್ಯಾಸ ಬದಲಾಗುತ್ತದೆ. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜೊತೆಗಾರರು ಇಂಥ 60 ಅಧ್ಯಯನಗಳನ್ನು ಒಟ್ಟು ಹಾಕಿದಾಗ ಟೀಚರ್‌ಗಳ ಪಾಠದ ರೀತಿಯಲ್ಲೂ ಮಕ್ಕಳ ಕಲಿಕೆಯಲ್ಲೂ ಸುಧಾರಣೆ ಕಂಡಿತು. ಆದರೆ ದೊಡ್ಡ ಮಟ್ಟದಲ್ಲಿ ನಡೆಸಿದ ಕಾರ್ಯಕ್ರಮಗಳಲ್ಲಿ ಫಲ ಕಡಿಮೆಯಾಗಿತ್ತು. ಹಾಗಾಗಿ ನಿಮ್ಮ ಶಾಲೆಯಲ್ಲೇ ನಂಬಿಕೆಯ ಒಬ್ಬರನ್ನು ಹುಡುಕಿಕೊಳ್ಳಿ, ಅದು ಸಾಕು.

ಬಂದವರು ನಿಮ್ಮನ್ನು ನೋಡಬೇಕಿಲ್ಲ. ಮೂರು ಮಕ್ಕಳನ್ನು ಮೊದಲೇ ಗುರುತು ಮಾಡಿ ಕೊಡಿ: ಚುರುಕಾದವರೊಬ್ಬರು, ನಡುವಿನವರೊಬ್ಬರು, ಹಿಂದೆ ಬಿದ್ದವರೊಬ್ಬರು. ಇಡೀ ಪೀರಿಯಡ್ಡಿನಲ್ಲಿ ಆ ಮೂವರು ಏನು ಬರೆದರು, ಎಲ್ಲಿ ಪೆನ್ನು ನಿಲ್ಲಿಸಿದರು, ಯಾವಾಗ ಪಕ್ಕದವರನ್ನು ನೋಡಿದರು ಅಂತ ಮಾತ್ರ ಬರೆದುಕೊಳ್ಳಲಿ. ಜಪಾನಿನ ಶಾಲೆಗಳಲ್ಲಿ ಟೀಚರ್‌ಗಳು ಒಟ್ಟಿಗೆ ಪಾಠ ಯೋಜಿಸಿ, ಒಬ್ಬರು ಮಾಡಿ, ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚೆ ಮಾಡುವ ಪದ್ಧತಿ ಬಹಳ ಕಾಲದಿಂದ ಇದೆ. ಮಾತು ಮಕ್ಕಳ ಬಗ್ಗೆ ಇದ್ದಾಗ ಪಾಠ ಮಾಡಿದವರಿಗೆ ಮುಜುಗರವೂ ಕಡಿಮೆ. ಮುಗಿದ ಮೇಲೆ ಹದಿನೈದು ನಿಮಿಷ ಕೂತು ಮಾತಾಡಿ, ಒಂದೇ ಒಂದು ಬದಲಾವಣೆ ತೀರ್ಮಾನ ಮಾಡಿ, ಮುಂದೆ ಯಾವ ದಿನ ಮತ್ತೆ ಬಂದು ನೋಡುವುದು ಅಂತ ಅಲ್ಲೇ ಗೊತ್ತು ಮಾಡಿಕೊಳ್ಳಿ.

ಫಲ ಕೊಡ್ತಾ ಅಂತ ನೋಡುವುದು

ಬೇರೆಯವರ ಕ್ಲಾಸಿನಲ್ಲಿ ಕೆಲಸ ಮಾಡಿದ್ದು ನಿಮ್ಮಲ್ಲೂ ಮಾಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅಳೆದು ನೋಡಬೇಕು. ಹೊಸ ಅಭ್ಯಾಸ ಶುರು ಮಾಡುವ ಮೊದಲು ಆ ಪಾಠದ ಐದಾರು ಪ್ರಶ್ನೆ ಕೊಟ್ಟು ಉತ್ತರ ಎತ್ತಿಟ್ಟುಕೊಳ್ಳಿ. ಪಾಠ ಮುಗಿದು ಎರಡು ಮೂರು ವಾರ ಆದ ಮೇಲೆ, ಮೊದಲೇ ಹೇಳದೆ, ಅದೇ ಬಗೆಯ ಪ್ರಶ್ನೆಗಳನ್ನು ಮತ್ತೆ ಕೊಡಿ. ಮುಗಿದ ದಿನವೇ ಕೊಟ್ಟರೆ ಎಲ್ಲ ಚೆನ್ನಾಗಿ ಕಾಣುತ್ತದೆ, ಮೇಲೆ ಹೇಳಿದ ರೋಡಿಗರ್ ಪ್ರಯೋಗದಲ್ಲಿ ಐದು ನಿಮಿಷ ಬಿಟ್ಟು ಕೇಳಿದಾಗ ಕಂಡ ಹಾಗೆ. ಎರಡು ಸೆಕ್ಷನ್ನಿಗೆ ಒಂದೇ ಪಾಠ ಮಾಡುವವರಾದರೆ ಒಂದು ಪಾಠವನ್ನು ಎ ಸೆಕ್ಷನ್ನಿನಲ್ಲಿ ಹೊಸ ರೀತಿ, ಬಿಯಲ್ಲಿ ಹಳೇ ರೀತಿ ಮಾಡಿ, ಮುಂದಿನ ಪಾಠಕ್ಕೆ ಅದಲುಬದಲು ಮಾಡಿ. ಯಾವ ಸೆಕ್ಷನ್ನಿನ ಮಕ್ಕಳಿಗೂ ಅನ್ಯಾಯ ಆಗುವುದಿಲ್ಲ, ಹೋಲಿಕೆಯೂ ಸಿಗುತ್ತದೆ.

ಸರಾಸರಿ ಒಂದನ್ನೇ ನೋಡಬೇಡಿ. ಹಿಂದೆ ಬಿದ್ದ ಮಕ್ಕಳ ಹಾಳೆಗಳನ್ನು ಬೇರೆ ಇಟ್ಟು ನೋಡಿ, ಅವರಲ್ಲಿ ಏನೂ ಬದಲಾಗದೆ ಮುಂದಿದ್ದವರೇ ಇನ್ನಷ್ಟು ಮುಂದೆ ಹೋಗಿದ್ದರೆ ಮಾಡಿದ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ ಅಂತ ಅರ್ಥ. ಆಗ ಮೊದಲು ಪರೀಕ್ಷಿಸಬೇಕಾದ್ದು ಎರಡು: ಆ ಮಕ್ಕಳಿಗೆ ಈ ಪಾಠಕ್ಕೆ ಬೇಕಾದ ಹಿಂದಿನ ಪಾಠಗಳು ಬರುತ್ತವೆಯೇ, ಮತ್ತು ಹೊಸ ಅಭ್ಯಾಸವನ್ನು ನೀವು ದಿನವೂ ಮಾಡಿದಿರಾ ಅಥವಾ ಕೆಲಸ ಜಾಸ್ತಿ ಇದ್ದ ವಾರಗಳಲ್ಲಿ ಬಿಟ್ಟುಹೋಯಿತಾ. ಎರಡೂ ಸರಿಯಿದ್ದು, ಎರಡು ಮೂರು ಪಾಠಗಳ ನಂತರವೂ ಫಲ ಕಾಣದಿದ್ದರೆ ಆ ಅಭ್ಯಾಸವನ್ನು ಪಕ್ಕಕ್ಕಿಟ್ಟು, ರೆಕಾರ್ಡಿಂಗ್ ಕೇಳುತ್ತಾ ಮಾಡಿಕೊಂಡ ಪಟ್ಟಿಯಿಂದ ಮುಂದಿನದನ್ನು ಎತ್ತಿಕೊಳ್ಳಿ.